ಹಳಿಯಾಳ ದಾಟಿದರೆ ಗಾಳಿ ಇಲ್ಲ

ನಮ್ಮ ಕರೆಂಟಿನ ಕಾರಿಗೆ ಒಂದು ಸ್ವಭಾವವಿತ್ತು. ದಾಂಡೇಲಿಯಲ್ಲಿ ಎ.ಸಿ. ಹಾಕಿದರೆ ಒಂದಿಷ್ಟು ಗಾಳಿ ಬರುತ್ತಿತ್ತು. ಹಳಿಯಾಳ ಮುಟ್ಟುವ ಹೊತ್ತಿಗೆ ಅದು ಊದುಬತ್ತಿಯ ಹೊಗೆಯನ್ನೂ ಅಲುಗಿಸದಷ್ಟು ಸಣ್ಣದಾಗುತ್ತಿತ್ತು. ಹಳಿಯಾಳ ದಾಟಿ ಧಾರವಾಡದ ರಸ್ತೆ ಹಿಡಿದರೆ ಫ್ಯಾನಿನ ಸದ್ದು ಮಾತ್ರ ಉಳಿಯುತ್ತಿತ್ತು. ರಿಟೈರ್ ಆದ ಮೇಲೆ ಮನೆಯಲ್ಲಿ ನನ್ನ ಮಾತಿಗೂ ಹೆಚ್ಚುಕಡಿಮೆ ಇದೇ ಗತಿಯಾಗಿತ್ತು. ಆದ್ದರಿಂದ ಮೊದಲ ಒಂದು ಸಲ ನಾನು ಕಾರಿನ ಮೇಲೆ ಸಿಟ್ಟಾಗಲಿಲ್ಲ.

ಎರಡನೇ ಸಲ ಸಿಟ್ಟು ಬಂತು. ಪಕ್ಕದ ಸೀಟಿನಲ್ಲಿ ಕೂತಿದ್ದವಳು ನನ್ನ ಹೆಂಡತಿ. ಹಿಂದಿನ ದೀಪಾವಳಿ ಕಳೆದ ಮೇಲೆ ಅವಳ ಶ್ವಾಸಕೋಶದಲ್ಲಿ ಒಂದು ಗಂಟು ಸಿಕ್ಕಿತ್ತು. ಹದಿನೈದು ದಿನಕ್ಕೊಂದು ಮಂಗಳವಾರ ಧಾರವಾಡದ ಆಸ್ಪತ್ರೆಗೆ ಹೋಗಿ ಔಷಧದ ಬಾಟಲಿ ಹಚ್ಚಿಸಿಕೊಂಡು ಬರಬೇಕು. ಒಟ್ಟು ಹನ್ನೆರಡು ಸಲ ಎಂದು ಡಾಕ್ಟರು ಹೇಳಿದ್ದರು. ಧೂಳು ಕೂಡದು, ಸೆಕೆ ಕೂಡದು, ನಡುವೆ ಬಿಡಲೇಕೂಡದು, ಬಿಟ್ಟರೆ ಮಾಡಿದ್ದೆಲ್ಲ ಹಾಳು ಎಂದೂ ಹೇಳಿದ್ದರು. ಬಾಡಿಗೆ ಗಾಡಿಯಲ್ಲಿ ಹೋಗೋಣವೆಂದರೆ ಡೀಸೆಲ್ ವಾಸನೆಗೆ ಅವಳಿಗೆ ಗಣೇಶಗುಡಿಯ ಕಡೆಗೆ ಹೋದರೂ ವಾಂತಿ, ಧಾರವಾಡದ ಕಡೆಗೆ ಹೋದರೂ ವಾಂತಿ. ಬಸ್ಸಿನ ಮಾತು ಎತ್ತುವಂತೆಯೇ ಇರಲಿಲ್ಲ. ವಾಸನೆಯಿಲ್ಲದ ಗಾಡಿ ಎಂದರೆ ನಮ್ಮದೊಂದೇ.

ದಾಂಡೇಲಿಯಿಂದ ಹಳಿಯಾಳದ ತನಕ ರಸ್ತೆಯ ಮೇಲೆ ಮರದ ನೆರಳು ಇರುತ್ತದೆ, ಹೇಗೋ ನಡೆಯುತ್ತದೆ. ಅಲ್ಲಿಂದ ಮುಂದೆ ಬಯಲು. ಕಿಟಕಿ ಇಳಿಸಿದರೆ ಮುಂದೆ ಹೋಗುವ ಕಬ್ಬಿನ ಟ್ರ್ಯಾಕ್ಟರಿನ ಧೂಳೆಲ್ಲ ಒಳಗೆ. ಏರಿಸಿದರೆ ಒಳಗೆ ರೊಟ್ಟಿ ಬೇಯಿಸಬಹುದು. ಅವಳು ಕಿಟಕಿ ಏರಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ಒಂದು ಮಾತೂ ಆಡದೆ ಕೂತಿರುತ್ತಿದ್ದಳು. ನಾನು ಡ್ಯಾಷ್‌ಬೋರ್ಡಿಗೆ ಬೈಯುತ್ತಿದ್ದೆ. ಬೈದು ಸುಸ್ತಾದ ಮೇಲೆ ಬ್ಯಾಟರಿ ಎಷ್ಟು ಉಳಿದಿದೆ ಎಂದು ಹೇಳುತ್ತಿದ್ದೆ. ನಮ್ಮ ನಡುವೆ ಆ ದಾರಿಯಲ್ಲಿ ನಡೆಯುತ್ತಿದ್ದ ಸಂಭಾಷಣೆ ಇಷ್ಟೇ.

ನಾನು ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಹಸಿ ಕಾಗದವನ್ನು ಹೊತ್ತುಕೊಂಡು ಓಡುವ ದಪ್ಪ ಬಿಳಿ ಬಟ್ಟೆಯೊಂದು ಯಂತ್ರದಲ್ಲಿರುತ್ತದೆ, ಅದಕ್ಕೆ ಫೆಲ್ಟ್ ಎನ್ನುತ್ತೇವೆ. ಅದರ ಯೋಗಕ್ಷೇಮ ನನ್ನ ಕೈಯಲ್ಲಿತ್ತು. ಕೈಯಿಟ್ಟು ನೋಡಿ, ಪಂಪಿನ ಸದ್ದು ಕೇಳಿ, ಅಂಚಿನಲ್ಲಿ ಒಂದು ಕಾಗದದ ಪಟ್ಟಿ ಹಿಡಿದು ಗಾಳಿಯ ಎಳೆತ ಎಷ್ಟಿದೆ ಎಂದು ನಾನು ಹೇಳಿದರೆ ಎಂಜಿನಿಯರು ಮೀಟರು ನೋಡುತ್ತಿರಲಿಲ್ಲ. ಗಾಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಹಾಗಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಆ ಹಳೆಯ ಪದ್ಧತಿಯಲ್ಲೇ ಕಾರಿನ ಗಾಳಿ ಬರುವ ಜಾಳಿಗೆಗೆ ನ್ಯೂಸ್‌ಪೇಪರಿನ ಒಂದು ಪಟ್ಟಿ ಅಂಟಿಸಿದೆ. ಗಾಳಿ ಜೋರಿದ್ದರೆ ಪಟ್ಟಿ ಅಡ್ಡಕ್ಕೆ ನಿಲ್ಲಬೇಕು. ದಾಂಡೇಲಿಯಲ್ಲಿ ಅರ್ಧ ನಿಂತಿತು. ಹಳಿಯಾಳದ ಮೊದಲ ರೋಡ್‌ಹಂಪ್ ಬರುವಷ್ಟರಲ್ಲಿ ಜೋತುಬಿತ್ತು.

“ನಿಮ್ಮ ಚೀಟಿ ಮಲ್ಕೊಂತು ನೋಡ್ರಿ,” ಎಂದಳು ಹೆಂಡತಿ. ಆ ದಿನ ಅವಳು ಆಡಿದ ಮೊದಲ ಮಾತು ಅದು.

ಇನ್ನೊಂದು ವಿಚಿತ್ರವಿತ್ತು. ಆಸ್ಪತ್ರೆಯ ಮುಂದೆ ನಾಲ್ಕೈದು ತಾಸು ನಿಲ್ಲಿಸಿ ವಾಪಸ್ ಬಂದರೆ ಕಾರಿನ ಕೆಳಗೆ ನೀರು ಹರಿದಿರುತ್ತಿತ್ತು. ಮತ್ತೆ ಎ.ಸಿ. ಹಾಕಿದರೆ ದಾಂಡೇಲಿಯಲ್ಲಿ ಬಂದಷ್ಟೇ ಗಾಳಿ ಬರುತ್ತಿತ್ತು, ಹಳಿಯಾಳದ ತನಕ. ಆಮೇಲೆ ಇಲ್ಲ. ಹೋಗುವಾಗಲೂ ಹಳಿಯಾಳ, ಬರುವಾಗಲೂ ಹಳಿಯಾಳ. ಆ ಊರಿನ ಮೇಲೆ ನನಗೆ ಸಣ್ಣ ದ್ವೇಷ ಹುಟ್ಟಿತು. ಊರಿನವರು ಕ್ಷಮಿಸಬೇಕು.

ಎಂಟನೇ ಸಲ ಹೋಗಿ ಬಂದ ದಿನ ಮನೆಯ ಮುಂದೆ ಕಾರು ನಿಂತ ಮೇಲೂ ಅವಳು ಇಳಿಯಲಿಲ್ಲ. ಸೀರೆಯ ಬೆನ್ನೆಲ್ಲ ಒದ್ದೆಯಾಗಿತ್ತು. ಮುಂದೆ ನೋಡುತ್ತಲೇ ಹೇಳಿದಳು:

“ಮುಂದಿನ ಸರ್ತಿ ನಾ ಬರಂಗಿಲ್ಲ.”

“ಇನ್ನ ನಾಕ ಸರ್ತಿ ಅಷ್ಟ ಐತಿ.”

“ಇರ್ಲಿ. ಈ ಒಲ್ಯಾಗ ಕುಂತು ಬೇಯೂಕಿಂತ ಮನಿಯೊಳಗ ಫ್ಯಾನ್ ಹಚ್ಕೊಂಡು ಕುಂದರ್ತೇನಿ. ನಿಮಗೂ ಅಡ್ಡಾಡೂದು ತಪ್ಪತೈತಿ.”

ಸಿಟ್ಟಿನಲ್ಲಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಸಂತೆಗೆ ಈ ವಾರ ಹೋಗುವುದು ಬೇಡ ಎನ್ನುವ ದನಿಯಲ್ಲಿ ಹೇಳಿದಳು. ಅವಳು ಮುಂಡಗೋಡದ ಕಡೆಯ ಒಕ್ಕಲುತನದ ಮನೆಯವಳು. ಆ ಮನೆಯವರು ಆ ದನಿಯಲ್ಲಿ ಹೇಳಿದ ಮಾತು ಬದಲಾದದ್ದನ್ನು ಮದುವೆಯಾದಾಗಿನಿಂದ ನಾನು ನೋಡಿಲ್ಲ. ನನ್ನ ಹತ್ತಿರ ಹದಿನೈದು ದಿನ ಇತ್ತು. ಅಷ್ಟರೊಳಗೆ ಕಾರು ತಂಪಾಗಬೇಕು.

ಕಾರು ಕೆಟ್ಟಿದೆ ಎಂದು ಗೊತ್ತಾದರೆ ನಮ್ಮ ಕಡೆ ಸಲಹೆಗೆ ಬರವಿಲ್ಲ. ಉಳವಿಗೆ ಯಾತ್ರಿಕರನ್ನು ಒಯ್ಯುವ ಜೀಪಿನವನು ಗ್ಯಾಸ್ ಹೋಗಿದೆ ಎಂದ. ಜೋಯಿಡಾದಿಂದ ಜೇನು ತಂದು ಮಾರುವವನು, ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಅವರ ಊರಿನ ಒಬ್ಬರ ಗಾಡಿಯಲ್ಲಿ ಕಟ್ಟಿತ್ತು, ತೆಗೆಯಲು ಹೋದವನ ಮುಖ ವಾರಗಟ್ಟಲೆ ಊದಿಕೊಂಡಿತ್ತು ಎಂದ. ಮುಂಡಗೋಡದಿಂದ ಫೋನು ಮಾಡಿದ ಹೆಂಡತಿಯ ತಂಗಿ, ಕರೆಂಟಿನ ಗಾಡಿಯನ್ನು ಬೇಸಿಗೆಯಲ್ಲಿ ಓಡಿಸಲೇಬಾರದು, ಮಾರಿಬಿಡಿ ಎಂದಳು. ನಾನು ಎಲ್ಲರಿಗೂ ಹೂಂ ಎಂದು, ಗಾಡಿ ಮಾರಿದ ಹುಬ್ಬಳ್ಳಿಯ ಕಂಪನಿಯ ವರ್ಕ್‌ಶಾಪಿಗೆ ಒಬ್ಬನೇ ಹೋದೆ.

ಹಳಿಯಾಳ ದಾಟಿದ ಮೇಲೆ ಎಂದಿನಂತೆ ಗಾಳಿ ನಿಂತಿತು. ನನಗೆ ಖುಷಿಯಾಯಿತು, ತೋರಿಸಲು ಸಾಕ್ಷಿ ಸಿಕ್ಕಿತಲ್ಲ ಎಂದು. ವರ್ಕ್‌ಶಾಪಿನಲ್ಲಿ ಒಂದೂವರೆ ತಾಸು ಕೂರಿಸಿ ಆಮೇಲೆ ಕಾರು ಒಳಗೆ ತೆಗೆದುಕೊಂಡರು. ಆ ಹೊತ್ತಿಗೆ ಕೆಳಗೆ ನೀರು ಹರಿದು, ಗಾಳಿ ಮತ್ತೆ ಬಂದಿತ್ತು. ಗ್ಯಾಸ್ ಸರಿ ಇದೆ, ಕಂಪ್ಯೂಟರಿನಲ್ಲಿ ತಪ್ಪು ತೋರಿಸುತ್ತಿಲ್ಲ ಎಂದರು.

“ಫಿಲ್ಟರ್ ನೋಡೂಣೇನ್ರಿ?” ಎಂದು ಒಬ್ಬ ಕೇಳಿದ.

“ಅದನ್ನ ನಾನ ಹೊಸಾದು ಹಾಕೇನಿ. ನೋಡೂದು ಬ್ಯಾಡ,” ಎಂದೆ.

ನನ್ನ ದನಿ ಹಾಗಿತ್ತೋ ಏನೋ, ಅವನು ನೋಡಲಿಲ್ಲ. ಬ್ಲೋವರ್ ಮೋಟಾರು ಬದಲಿಸಿ ನೋಡಬಹುದು, ತರಿಸಬೇಕು, ಮೂರು ವಾರ ಆಗುತ್ತದೆ ಎಂದರು. ಮೂರು ವಾರ ನನ್ನ ಹತ್ತಿರ ಇರಲಿಲ್ಲ. ಬರುವಾಗ ಹಳಿಯಾಳದಲ್ಲಿ ಇಳಿದು ಸೋಡಾ ಕುಡಿದೆ, ಅಲ್ಲೇ ನಿಂತು ಕಾರಿನ ಟೈರಿಗೆ ಒದ್ದೆ. ಕಾಲು ನೋವಾಯಿತು.

ಉಳಿದವನು ದಾಂಡೇಲಿಯ ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಉಸ್ತಾದ್. ನನ್ನ ಮೊದಲ ಸ್ಕೂಟರಿನಿಂದ ಹಿಡಿದು ನನ್ನ ಎಲ್ಲ ಗಾಡಿಗಳ ಹೊಟ್ಟೆ ಕಂಡವನು. ಅವನ ತಂದೆಯೂ ನಮ್ಮ ಮಿಲ್ಲಿನಲ್ಲೇ ಇದ್ದವರು. ಕರೆಂಟಿನ ಕಾರು ಕೊಂಡ ದಿನ ಪೇಡೆ ಕೊಡಲು ಹೋದಾಗ, ಪೇಡೆ ತಿಂದು, ಬಾನೆಟ್ ಎತ್ತಿ ನೋಡಿ, ಕೈ ಹಿಂದಕ್ಕೆ ಕಟ್ಟಿಕೊಂಡಿದ್ದ. “ಈ ಕಿತ್ತಳಿ ಬಣ್ಣದ ದೊಡ್ಡ ಕರೆಂಟಿನ ವಾಯರ್ ಐತಲ್ರಿ ಅಣ್ಣಾರ, ಇದನ್ನ ನಾ ಮುಟ್ಟಂಗಿಲ್ಲ. ನನಗ ಮೊಮ್ಮಕ್ಕಳದಾರ,” ಎಂದಿದ್ದ. ಅಂದಿನಿಂದ ನಾನೂ ಆ ಕಡೆ ಹೋಗಿರಲಿಲ್ಲ.

ಮಂಗಳವಾರಕ್ಕೆ ನಾಲ್ಕು ದಿನ ಇತ್ತು. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದೆ. ರಿಪೇರಿಯಾದದ್ದನ್ನು ಅವಳು ಕಣ್ಣಾರೆ ನೋಡಲಿ, ಆಮೇಲೆ ನೆಪ ಹೇಳದಿರಲಿ ಎಂಬ ಲೆಕ್ಕಾಚಾರ. ಉಸ್ತಾದ್ ಅವಳಿಗೆ ತಗಡಿನ ನೆರಳಿನಲ್ಲಿ ಕುರ್ಚಿ ಹಾಕಿ, ಫ್ಯಾನು ಅವಳ ಕಡೆ ತಿರುಗಿಸಿ, ಚಹಾ ತರಿಸಿದ. ಆಮೇಲೆ ನನ್ನನ್ನು ಬಿಟ್ಟು ಅವಳನ್ನೇ ಕೇಳಿದ.

“ವೈನಿ, ಗಾಡಿ ನಿಂತಾಗ ಕೆಳಗ ನೀರು ಬೀಳತೈತೇನ್ರಿ?”

“ಒಂದ ಕೊಡ ಬೀಳತೈತಿ.”

“ಮೊದಲ ಗಾಳಿ ಬಂದು, ಹೋಗ್ತ ಹೋಗ್ತ ಬಂದ್ ಆಗತೈತಿ. ನಿಂತು ಹೊರಟ್ರ ಮತ್ತ ಬರತೈತಿ. ಹೌದಲ್ರಿ?”

“ಹಳಿಯಾಳದ ತನಕ.”

ಉಸ್ತಾದ್ ತಲೆಯಾಡಿಸಿದ. “ಬರ್ಫ್ ಕಟ್ಟಾಕತ್ತೈತಿ. ಒಳಗ ತಣ್ಣಂದು ಜಾಳಿ ಇರತೈತ್ರಿ, ಅದರ ಮ್ಯಾಲೆ ಗಾಳಿ ಹಾಯಬೇಕು. ಗಾಳಿ ಸಾಲದಿದ್ರ ಜಾಳಿ ಮ್ಯಾಲೆ ಬರ್ಫ್ ಕೂಡತೈತಿ. ಬರ್ಫ್ ಕೂತ್ರ ಇದ್ದ ಗಾಳೀನೂ ಬಂದ್. ನಿಲ್ಲಿಸಿದ್ರ ಕರಗಿ ನೀರಾಗತೈತಿ. ಇದರಾಗ ಕಿತ್ತಳಿ ವಾಯರ್ ಏನೂ ಇಲ್ಲ. ಗಾಳಿ ಬರೂ ದಾರಿ ಎಲ್ಲಾ ಗಾಡಿಗೂ ಒಂದ.”

ಹಳಿಯಾಳದ ಮೇಲಿದ್ದ ನನ್ನ ದ್ವೇಷ ಅಲ್ಲಿಗೆ ಮುಗಿಯಿತು. ಮಂಜುಗಡ್ಡೆ ಕಟ್ಟಲು ಅಷ್ಟು ಹೊತ್ತು ಬೇಕಾಗುತ್ತಿತ್ತು, ಅಷ್ಟೇ.

ಅವನು ಎಡಗಡೆ ಸೀಟಿನ ಮುಂದಿನ ಡಬ್ಬಿ ಬಿಚ್ಚಿ, ಅದರೊಳಗಿದ್ದ ಆಸ್ಪತ್ರೆಯ ಕಾಗದಗಳನ್ನು ಜೋಪಾನವಾಗಿ ಸೀಟಿನ ಮೇಲಿಟ್ಟು, ಒಳಗೆ ಕೈ ಹಾಕಿದ. ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. ಮುಖ ಬದಲಾಯಿತು. ಒಮ್ಮೆ ನನ್ನ ಕಡೆ ನೋಡಿದ, ಒಮ್ಮೆ ಹೆಂಡತಿಯ ಕಡೆ ನೋಡಿದ. ಹೆಗಲ ಮೇಲಿದ್ದ ಅರಿವೆಯನ್ನು ನಿಧಾನವಾಗಿ ತೆಗೆದುಕೊಂಡ.

“ಅಣ್ಣಾರ, ನೀವು ಹೋಗಿ ಒಂದ ಚಹಾ ಕುಡದ ಬರ್ರಿ. ನಾ ನೋಡ್ತೇನಿ,” ಎಂದ ಸಣ್ಣ ದನಿಯಲ್ಲಿ.

ನನ್ನ ಮರ್ಯಾದೆ ಉಳಿಸಲು ಹೊರಟವನ ಮಾತು ಅದು ಎಂದು ಈಗ ಗೊತ್ತಾಗುತ್ತದೆ. ಆಗ ನಾನು ರೇಗಿದೆ. “ಏನದು ಗುಸುಗುಸು? ಏನೈತಿ ಹೊರಗ ತಗೀರಿ. ನಾವೂ ನೋಡ್ತೇವಿ.”

ತೆಗೆದ. ಒಂದು ಗೇಣು ಅಗಲದ, ಬೆರಳು ದಪ್ಪದ, ಅಂಚಿನಲ್ಲಿ ಕತ್ತರಿಯ ಗುರುತಿದ್ದ ಮಿಲ್ಲಿನ ಫೆಲ್ಟು.

ಇಲ್ಲಿಯವರೆಗೆ ನಾನು ಸುಳ್ಳು ಹೇಳಿಲ್ಲ, ಒಂದು ವಿಷಯ ಹೇಳದೆ ಬಿಟ್ಟಿದ್ದೇನೆ ಅಷ್ಟೇ. ಸಂಕ್ರಾಂತಿಯ ಹಿಂದುಮುಂದಿನ ಚಳಿಯಲ್ಲಿ, ಎ.ಸಿ. ನೆನಪೂ ಇಲ್ಲದ ದಿನಗಳಲ್ಲಿ, ಹೆಂಡತಿಯ ಕೆಮ್ಮು ಜೋರಾಗಿತ್ತು. ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಫಿಲ್ಟರು ತೆಗೆದು ನೋಡಿದೆ, ಕಪ್ಪಗಾಗಿತ್ತು. ಗೋಡೆಗೆ ಬಡಿದು ಧೂಳು ಕೊಡವಲು ಹೋದೆ, ಹರಿಯಿತು. ಮಡಿಕೆ ಮಡಿಕೆಯಾಗಿದ್ದ ಅಷ್ಟು ತೆಳ್ಳನೆಯ ಕಾಗದ ಹಳಿಯಾಳದ ರಸ್ತೆಯ ಧೂಳನ್ನು ತಡೆಯುತ್ತದೆಂದು ನನಗೆ ನಂಬಿಕೆಯೇ ಬರಲಿಲ್ಲ. ಕಾಗದ ಏನೆಂದು ನನಗೆ ಗೊತ್ತಿಲ್ಲವೇ? ಮನೆಯಲ್ಲಿ ಫೆಲ್ಟು ಇತ್ತು. ದಾಂಡೇಲಿಯಲ್ಲಿ ಮಿಲ್ಲಿನ ಹಳೇ ಫೆಲ್ಟು ಇಲ್ಲದ ಮನೆ ಯಾವುದಿದೆ? ಬಾಗಿಲಿಗೆ ಅದೇ, ಇಸ್ತ್ರಿ ಮೇಜಿಗೆ ಅದೇ, ನಾಯಿಗೆ ಅದೇ. ಒಂದು ತುಂಡು ಅಳತೆಗೆ ಕತ್ತರಿಸಿ ಹಾಕಿದೆ. ಬಿಗಿಯಾಗಿ ಕೂತಿತು. ಒಂದು ಕಣವೂ ಒಳಗೆ ಬರುವುದಿಲ್ಲ ಎಂದು ನಿಶ್ಚಿಂತನಾದೆ. ಆ ಮಟ್ಟಿಗೆ ನನ್ನ ಲೆಕ್ಕ ಸರಿಯಾಗಿತ್ತು.

ಉಸ್ತಾದ್ ಆ ತುಂಡನ್ನು ಬಾಯಿಗೆ ಹಿಡಿದು ಊದಿದ. ಕೆನ್ನೆ ಉಬ್ಬಿತು. ಆ ಕಡೆ ಏನೂ ಬರಲಿಲ್ಲ.

“ಅಣ್ಣಾರ, ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಈ ಫೆಲ್ಟ್ ಮಿಲ್ಲಿನ್ಯಾಗಿಂದ ಯಾಕ ತಗದ ಹಾಕಿದ್ರು?”

ನಾನು ಫೆಲ್ಟಿನ ಅಂಚನ್ನು ಬೆರಳಿನಿಂದ ತಿಕ್ಕಿ ನೋಡಿದೆ. ಆಮೇಲೆ ಹೇಳಲೇಬೇಕಾಯಿತು. “ಸುಣ್ಣ, ಅಂಟು ಎಲ್ಲಾ ತುಂಬಿ ಮುಚ್ಚಿಕೊಂಡಿತ್ತು. ಗಾಳಿ ಹಾಯ್ತಿರಲಿಲ್ಲ.”

“ಹಾಯೂದಿಲ್ಲ ಅಂತ ಹೇಳಿದವರು ಯಾರು?”

“ನಾನ.”

ಉಸ್ತಾದ್ ನಗಲಿಲ್ಲ. ಪುಣ್ಯಾತ್ಮ, ಮುಖ ತಿರುಗಿಸಿ ಸ್ಪ್ಯಾನರ್ ಹುಡುಕಿದ. ಫಿಲ್ಟರಿನ ಕೆಲಸಕ್ಕೆ ಸ್ಪ್ಯಾನರ್ ಬೇಕಾಗುವುದಿಲ್ಲ. ಮೂವತ್ತನಾಲ್ಕು ವರ್ಷ, ಯಾವ ಬಟ್ಟೆಯ ಮೇಲೆ ಕೈಯಿಟ್ಟು ಇದರಲ್ಲಿ ಗಾಳಿ ಇಲ್ಲ, ಕಿತ್ತೊಗೆಯಿರಿ ಎಂದಿದ್ದೆನೋ, ಅದೇ ಬಟ್ಟೆಯನ್ನು ನನ್ನ ಹೆಂಡತಿಯ ಮೂಗಿನ ಮುಂದೆ ನಾನೇ ಕೂರಿಸಿದ್ದೆ. ಬೇರೆ ಊರಿನವನಾಗಿದ್ದರೆ ಈ ತಪ್ಪು ಮಾಡಲು ಅವನ ಹತ್ತಿರ ಸಾಮಾನೇ ಇರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಹೆಂಡತಿ ಕುರ್ಚಿಯಿಂದ ಎದ್ದು ಬಂದು ಆ ತುಂಡನ್ನು ಕೈಗೆ ತೆಗೆದುಕೊಂಡಳು. ಫೆಲ್ಟಿನ ಅಡ್ಡಕ್ಕೆ ಒಂದು ನೀಲಿ ಗೆರೆ ಇರುತ್ತದೆ, ಯಂತ್ರದ ಮೇಲೆ ಓರೆಯಾಗದೆ ಓಡುತ್ತಿದೆಯೇ ಎಂದು ನೋಡುವ ಗೆರೆ. ಈ ತುಂಡಿನಲ್ಲೂ ಅದು ಇತ್ತು. ಅವಳು ಹೆಬ್ಬೆರಳಿನಿಂದ ಆ ಗೆರೆಯನ್ನು ಒಮ್ಮೆ ಸವರಿದಳು. ತುಂಡನ್ನು ಚೀಲದೊಳಗೆ ಹಾಕಿಕೊಂಡಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಫಿಲ್ಟರು ಇಲ್ಲದೆ ಎ.ಸಿ. ಹಾಕಿದಾಗ ಚೀಟಿ ಅಡ್ಡಕ್ಕೆ ನಿಂತು ಪಟಪಟ ಬಡಿದು ಹರಿದುಹೋಯಿತು. ಹೊಸ ಫಿಲ್ಟರು ಮರುದಿನ ಹುಬ್ಬಳ್ಳಿಯ ಬಸ್ಸಿನಲ್ಲಿ ಬಂತು. ಉಸ್ತಾದ್ ಅದನ್ನು ಕೂರಿಸಿ, “ಒಂದ ವರ್ಷ ಬರತೈತ್ರಿ. ಕಪ್ಪಾದ್ರ ಬದಲ ಮಾಡ್ರಿ. ಬಡೀಬ್ಯಾಡ್ರಿ,” ಎಂದ. ಕಾರು ಸರಿಯಾಯಿತು. ಸರಿಯಾಗಬೇಕಾದದ್ದು ಮನೆಯಲ್ಲಿ ಕೂತಿತ್ತು.

ಅವಳು ಲಿಂಗಪೂಜೆಗೆ ಕೂರುವ ಚಾಪೆ ಫೆಲ್ಟಿನದು. ನಾನೇ ಮಿಲ್ಲಿನಿಂದ ತಂದುಕೊಟ್ಟದ್ದು. ಒಗೆದು ಒಗೆದು ಮೆತ್ತಗಾಗಿದ್ದ ಆ ಚಾಪೆಯ ಒಂದು ಮೂಲೆ ಸಂಕ್ರಾಂತಿಯ ಹೊತ್ತಿಗೆ ಕಾಣೆಯಾಗಿತ್ತು. ಇಲಿಯ ಕೆಲಸ ಎಂದು ಅವಳು ತೀರ್ಮಾನಿಸಿದಳು. ನಾನು ತಕರಾರು ಮಾಡಲಿಲ್ಲ. ಬೋನು ತಂದೆ. ಅದರಲ್ಲಿ ದಿನಾ ಹೊಸ ಕೊಬ್ಬರಿ ಇಡುವ ಕೆಲಸವನ್ನೂ ವಹಿಸಿಕೊಂಡೆ. ಮೂರು ತಿಂಗಳಲ್ಲಿ ಒಂದು ಇಲಿಯೂ ಬೀಳಲಿಲ್ಲ. ಬಹಳ ಜಾಣ ಇಲಿ ಎಂದು ಅವಳೇ ಮೆಚ್ಚಿಕೊಂಡಿದ್ದಳು.

ಆ ಸಂಜೆ ಚಾಪೆ ಬಿಚ್ಚಿ ಹಾಸಿ, ಚೀಲದಿಂದ ತುಂಡು ತೆಗೆದು ಮೂಲೆಗೆ ಇಟ್ಟಳು. ನೀಲಿ ಗೆರೆ ಗೆರೆಗೆ ಕೂಡಿತು.

“ಬೋನಿಗೆ ದಿನಾ ಕೊಬ್ಬರಿ ಇಡ್ತಿದ್ದಿರಲ್ಲ.”

“ಇಡ್ತಿದ್ದೆ.”

“ಗೊತ್ತಿದ್ದೂ?”

“ಗೊತ್ತಿದ್ದೂ.”

“ಬಾಗಿಲಿನ್ಯಾಗ ಒಂದು ಫೆಲ್ಟ್ ಬಿದ್ದೈತಿ. ಇಸ್ತ್ರಿ ಮೇಜಿನ ಮ್ಯಾಲೆ ಒಂದೈತಿ. ಅವು ಬಿಟ್ಟು ಇದನ್ನ ಯಾಕ ಕೊಯ್ದ್ರಿ?”

“ಅವು ಹೊಲಸಾಗಿದ್ವು. ಇದು ತೊಳದದ್ದು. ನೀ ಉಸಿರಾಡೂ ಗಾಳಿ ಅಲ್ಲೇನ ಅದು?”

ಅವಳು ಚಾಪೆಯ ಮೇಲೆ ಕೂತಳು. ಬಹಳ ಹೊತ್ತು ಆ ತುಂಡನ್ನು ಒತ್ತುತ್ತಾ ಇದ್ದಳು, ಒತ್ತಿದರೆ ಅಂಟಿಕೊಳ್ಳುತ್ತದೇನೋ ಎನ್ನುವಂತೆ.

“ನಿಮಗ ಬ್ಯಾಸರ ಆಗೇತಿ ಅಂತ ತಿಳ್ಕೊಂಡಿದ್ದೆ,” ಎಂದಳು. “ಹೋಗ್ತ ಬರ್ತ ಬೈಕೋತ ಇರ್ತಿದ್ರಿ. ಇಲ್ಲಾ ಬ್ಯಾಟರಿ ಎಷ್ಟೈತಿ ಅಂತ ಹೇಳ್ತಿದ್ರಿ. ಹೆಂಗ ಅನಸಾಕತ್ತೈತಿ ಅಂತ ಒಂದ ದಿನ ನನ್ನ ಕೇಳಲಿಲ್ಲ. ಇವರಿಗೂ ಸಾಕಾತು, ನಾನ ಬಿಟ್ಟಬಿಡೂಣು ಅಂದ್ಕೊಂಡೆ.”

ಸೆಕೆ ನೆಪವಾಗಿತ್ತು ಎಂದು ನನಗೆ ಆಗ ತಿಳಿಯಿತು. ಬಹಳ ನಾಚಿಕೆಯಾಯಿತು. ನಾನು ಬೈಯುತ್ತಿದ್ದದ್ದು ಕಾರಿಗೆ ಎಂದು ಹೇಳಲು ಹೋದೆ, ಅದೂ ನಿಜವಲ್ಲ ಎನಿಸಿತು. ಆ ದಾರಿಯುದ್ದಕ್ಕೂ ನನಗೆ ಹೆದರಿಕೆಯಾಗುತ್ತಿತ್ತು. ಹೇಗನಿಸುತ್ತಿದೆ ಎಂದು ಕೇಳಿದರೆ ಅವಳು ನಿಜ ಹೇಳಿಬಿಟ್ಟರೆ ಏನು ಮಾಡುವುದೆಂದು ಗೊತ್ತಿರಲಿಲ್ಲ. ಬ್ಯಾಟರಿಯಾದರೆ ಎಷ್ಟು ಉಳಿದಿದೆ ಎಂದು ಕೇಳಿದ ಕೂಡಲೇ ತೋರಿಸುತ್ತದೆ. ಇದನ್ನೆಲ್ಲ ಹೇಳಿದೆ. ಇಷ್ಟು ಕ್ರಮವಾಗಿ ಹೇಳಲಿಲ್ಲ. ಅವಳು ಕೇಳಿಸಿಕೊಂಡು, “ಬೋನು ತಗದ ಅಟ್ಟದ ಮ್ಯಾಲೆ ಇಡ್ರಿ,” ಎಂದಳು. ಮಂಗಳವಾರದ ಬಗ್ಗೆ ಏನೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಕಾರು ಹೊರಗೆ ತೆಗೆದು, ಎ.ಸಿ. ಹಾಕಿ, ಹೊಸ ಚೀಟಿ ಅಂಟಿಸಿ ಕೂತೆ. ಒಳಗಿಂದ ಪೂಜೆಯ ಗಂಟೆ ಕೇಳಿಸಿತು, ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಬಾಗಿಲು ತೆರೆಯದಿದ್ದರೆ ಒಳಗೆ ಹೋಗಿ ಏನು ಹೇಳಬೇಕು ಎಂದು ನಾಲ್ಕು ಮಾತು ಜೋಡಿಸಿಕೊಂಡೆ, ನಾಲ್ಕೂ ಸರಿಬರಲಿಲ್ಲ. ಆರು ಐವತ್ತಕ್ಕೆ ಅವಳು ಬಂದಳು. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಆಸ್ಪತ್ರೆಯ ಚೀಲ ಹಿಂದಿಟ್ಟು, ಪಕ್ಕಕ್ಕೆ ಕೂತು ಕಿಟಕಿ ಏರಿಸಿದಳು.

ಹಳಿಯಾಳ ಬಂತು, ದಾಟಿತು. ಚೀಟಿ ಅಡ್ಡಕ್ಕೇ ನಿಂತಿತ್ತು. ನಾನು ಬ್ಯಾಟರಿಯ ಕಡೆ ನೋಡಲಿಲ್ಲ.

“ಹೆಂಗ ಅನಸಾಕತ್ತೈತಿ?” ಎಂದೆ. ಆ ಎರಡು ಶಬ್ದ ಹೊರಡಿಸಲು ದಾಂಡೇಲಿಯಿಂದ ಪ್ರಯತ್ನ ಮಾಡುತ್ತಾ ಬಂದಿದ್ದೆ.

“ಥಂಡಿ ಆಗಾಕತ್ತೈತಿ. ಕಡಿಮಿ ಮಾಡ್ರಿ.”

ಕಡಿಮೆ ಮಾಡಿದೆ. ಅವಳು ಶಾಲು ಹೊದ್ದುಕೊಂಡಳು. ಕಬ್ಬಿನ ಟ್ರ್ಯಾಕ್ಟರೊಂದು ಮುಂದೆ ಧೂಳೆಬ್ಬಿಸುತ್ತಾ ಹೋಗುತ್ತಿತ್ತು. ಅದನ್ನು ದಾಟಿದ ಮೇಲೆ ಅವಳು ಕೇಳಿದಳು:

“ಈ ಫಿಲ್ಟರ್ ಎಷ್ಟ ದಿನ ಬರತೈತಂತ?”

“ಒಂದ ವರ್ಷ.”

“ಹಂಗಾರ ಇನ್ನೂ ಮೂರು ತರಿಸಿ ಇಡ್ರಿ,” ಎಂದಳು. “ನನ್ನ ಚಾಪಿ ಉಳೀಲಿ.”

ಧಾರವಾಡ ಮುಟ್ಟುವ ತನಕ ನಾನು ರಸ್ತೆಯನ್ನೇ ನೋಡಿದೆ, ಕಣ್ಣು ಮಂಜಾಗಿದ್ದರಿಂದ ಗಾಡಿ ನಿಧಾನಕ್ಕೆ ಬಿಟ್ಟೆ. ಮೂರೂ ತರಿಸಿ ದೇವರ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ಈಗ ಎರಡೇ ಇವೆ. ವರ್ಷ ತುಂಬಿದ ಮೇಲೆ ಮೊದಲನೆಯದನ್ನು ಬದಲಿಸುವ ದಿನ ಎಡಗಡೆ ಸೀಟಿನ ಮುಂದಿನ ಡಬ್ಬಿ ಬಿಚ್ಚಿ, ಒಳಗೆ ಕೈ ಹಾಕಿದವಳು ಅವಳೇ. ಆ ಕೆಲಸಕ್ಕೆ ನನ್ನ ಮೇಲೆ ನಂಬಿಕೆ ಇಲ್ಲವಂತೆ.